ಡಾಲರ್ ಕಥೆ ಮುಗೀತಾ? ಇಲ್ಲ ಅಂದ್ರೆ ಎಲ್ಲರೂ ಚಿನ್ನ ಯಾಕೆ ಕೂಡಿಡ್ತಿದ್ದಾರೆ?

ತುಂಗೆಯ ದಡ:
ವಾಟ್ಸಾಪ್‌ನಲ್ಲಿ ವಾರಕ್ಕೊಂದು ವಿಡಿಯೊ ಗ್ಯಾರಂಟಿ. ಡಾಲರ್ ಸಾಯುತ್ತಿದೆ, ಬ್ರಿಕ್ಸ್ (ಭಾರತ, ರಷ್ಯಾ, ಚೀನಾ ಎಲ್ಲ ಇರುವ ದೇಶಗಳ ಕೂಟ) ಕರೆನ್ಸಿ ಇನ್ನೇನು ಬಂತು ಅಂತ. ವರ್ಷಗಳಿಂದ ಇದೇ ಮಾತು, ಡಾಲರ್ ಇನ್ನೂ ಗಟ್ಟಿಯಾಗೇ ಇದೆ. ಆದರೆ ಚಿನ್ನದ ಬೆಲೆ ಮಾತ್ರ ಸುಳ್ಳಲ್ಲವಲ್ಲ. 2025ರ ಅಕ್ಟೋಬರ್‌ನಲ್ಲಿ ಔನ್ಸಿಗೆ 4,000 ಡಾಲರ್ ದಾಟಿತು. ಕೊಳ್ಳುತ್ತಿರುವವರು ಬರೀ ನಮ್ಮ ನಿಮ್ಮಂಥವರಲ್ಲ, ನಮ್ಮ ರಿಸರ್ವ್ ಬ್ಯಾಂಕೂ ಸೇರಿ ದೇಶ ದೇಶಗಳ ಸೆಂಟ್ರಲ್ ಬ್ಯಾಂಕುಗಳು. ಅವರಿಗೆ ನಮಗೆ ಗೊತ್ತಿಲ್ಲದ್ದು ಏನೋ ಗೊತ್ತಿರಬೇಕು ಅಲ್ವಾ? ಬಲ್ಲವರು ಬಿಡಿಸಿ ಹೇಳಿ. ಪಕ್ಷದ ಜಗಳ ದಯವಿಟ್ಟು ಬೇಡ.

ಖಾತೆ ಕಿರ್ದಿ:
ಗುಟ್ಟೇನೂ ಇಲ್ಲ, ಎಲ್ಲರ ಕಣ್ಣೆದುರೇ ಆಗಿದ್ದು. 2022ರ ಫೆಬ್ರವರಿಯಲ್ಲಿ ರಷ್ಯಾ ಉಕ್ರೇನ್ ಮೇಲೆ ಬಿತ್ತು. ಕೆಲವೇ ದಿನಗಳಲ್ಲಿ ಅಮೆರಿಕ, ಯುರೋಪು, ಜಪಾನ್ ಎಲ್ಲ ಸೇರಿ, ರಷ್ಯಾದ ಸೆಂಟ್ರಲ್ ಬ್ಯಾಂಕು ಹೊರದೇಶಗಳಲ್ಲಿ ಇಟ್ಟಿದ್ದ ಸುಮಾರು 300 ಬಿಲಿಯನ್ ಡಾಲರ್ ಬೆಲೆಯ ಆಸ್ತಿಗೆ ಬೀಗ ಜಡಿದವು. ಅದರಲ್ಲಿ ದೊಡ್ಡ ಪಾಲು ಇದ್ದದ್ದು ಬೆಲ್ಜಿಯಂನ ಯೂರೋಕ್ಲಿಯರ್ ಅನ್ನುವ, ಬಾಂಡು-ಷೇರುಗಳನ್ನು ಕಾಪಿಡುವ ಸಂಸ್ಥೆಯಲ್ಲಿ. ಮಾಸ್ಕೋದ ತಿಜೋರಿಯಲ್ಲಿದ್ದ ಚಿನ್ನವನ್ನು ಮಾತ್ರ ಯಾರೂ ಮುಟ್ಟಲಾಗಲಿಲ್ಲ. ರಷ್ಯಾ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ, ಖಂಡಿತ ಇಲ್ಲ. ಆದರೆ ನಾಳೆ ಅಮೆರಿಕದ ಜೊತೆ ಜಗಳ ಬಂದರೂ ಬರಬಹುದು ಅನ್ನುವ ಯಾವ ದೇಶದ ಹಣಕಾಸು ಮಂತ್ರಿಯೂ ಆ ದಿನ ನೆಮ್ಮದಿಯಾಗಿ ಮಲಗಿರಲಿಕ್ಕಿಲ್ಲ.

2022, 2023, 2024, ಮೂರೂ ವರ್ಷ ಸೆಂಟ್ರಲ್ ಬ್ಯಾಂಕುಗಳು ಎಲ್ಲ ಸೇರಿ ವರ್ಷಕ್ಕೆ 1,000 ಟನ್‌ಗಿಂತ ಜಾಸ್ತಿ ಚಿನ್ನ ಕೊಂಡವು. ಅದಕ್ಕೂ ಹಿಂದಿನ ದಶಕದಲ್ಲಿ ವರ್ಷಕ್ಕೆ ಇದರ ಅರ್ಧದಷ್ಟು ಕೊಳ್ಳುತ್ತಿದ್ದವು. ನಮ್ಮ ರಿಸರ್ವ್ ಬ್ಯಾಂಕು ಇಂಗ್ಲೆಂಡಿನಲ್ಲಿದ್ದ ಚಿನ್ನದಲ್ಲಿ ಸುಮಾರು 100 ಟನ್ ವಾಪಸ್ ತರಿಸಿಕೊಂಡಿತು. ಇದರಿಂದ ಡಾಲರ್ ಸತ್ತಿತು ಅಂತ ಆಗುವುದಿಲ್ಲ. ದೇಶಗಳು ಕೂಡಿಟ್ಟ ವಿದೇಶಿ ಕರೆನ್ಸಿಯ ಮೀಸಲು ನಿಧಿಯಲ್ಲಿ ಡಾಲರ್ ಪಾಲು 2000ದ ಹೊತ್ತಿಗೆ ಶೇ. 70ರಷ್ಟಿತ್ತು, ಈಗ 60ಕ್ಕಿಂತ ಕೆಳಗೆ. ಇಪ್ಪತ್ತೈದು ವರ್ಷಕ್ಕೆ ಇಷ್ಟು ಇಳಿದಿದೆ. ಇದನ್ನು ಸಾವು ಅನ್ನಲಿಕ್ಕಾಗುತ್ತಾ?

ಬಯಲುಸೀಮೆ:
ನೀವು ಡಾಲರ್‌ಗೆ ಸ್ವಲ್ಪ ಜಾಸ್ತಿಯೇ ಮರ್ಯಾದೆ ಕೊಡ್ತಿದ್ದೀರಿ. 2025ರ ಏಪ್ರಿಲ್ ನೆನಪಿಸಿಕೊಳ್ಳಿ. ಟ್ರಂಪ್ ಹೆಚ್ಚೂಕಡಿಮೆ ಎಲ್ಲ ದೇಶಗಳ ಮೇಲೂ ಸುಂಕ ಘೋಷಿಸಿದರು, ಮಾರುಕಟ್ಟೆ ನೆಲ ಕಚ್ಚಿತು. ಸಾಮಾನ್ಯವಾಗಿ ಇಂಥ ಗಾಬರಿಯಲ್ಲಿ ಲೋಕದ ದುಡ್ಡೆಲ್ಲ ಅಮೆರಿಕ ಸರ್ಕಾರದ ಬಾಂಡುಗಳ, ಅಂದರೆ ಸಾಲಪತ್ರಗಳ ಕಡೆಗೇ ಓಡುತ್ತದೆ. ಈ ಸಲ ಷೇರು, ಬಾಂಡು, ಡಾಲರ್ ಮೂರೂ ಒಟ್ಟಿಗೆ ಬಿದ್ದವು. ನನಗಂತೂ 2022ಕ್ಕಿಂತ ದೊಡ್ಡ ಸುದ್ದಿ ಅಂದರೆ ಇದೇ. ಮೇ ತಿಂಗಳಲ್ಲಿ, ಸಾಲ ತೀರಿಸುವ ತಾಕತ್ತಿಗೆ ಅಂಕ ಕೊಡುವ ಮೂಡೀಸ್ ಕಂಪನಿ ಕೂಡ ಅಮೆರಿಕದ ರೇಟಿಂಗ್ ಇಳಿಸಿತು. ಅಮೆರಿಕದ ಸಾಲ ಆಗಲೇ 36 ಟ್ರಿಲಿಯನ್ ಡಾಲರ್ ದಾಟಿತ್ತು. ರಷ್ಯಾದ ಎಣ್ಣೆ ನೆಪ ಮಾಡಿ ಆಗಸ್ಟ್‌ನಲ್ಲಿ ನಮ್ಮ ಮೇಲೂ ಸುಂಕವನ್ನು ಶೇ. 50ಕ್ಕೆ ಏರಿಸಿದರು. ಜಗಳ ಬರೀ ಶತ್ರುಗಳಿಗೆ ಅಂತ ಇನ್ನೂ ನಂಬಬೇಕಾ?

ಖಾತೆ ಕಿರ್ದಿ:
ಒಪ್ಪಿದೆ, ಬಿರುಕು ಇದೆ. ಆದರೆ ಡಾಲರ್ ಬಿಟ್ಟು ಎಲ್ಲಿಗೆ ಹೋಗುವುದು? ಎಲ್ಲರೂ ಜಾರಿಸುವ ಪ್ರಶ್ನೆ ಇದು.

ನಮ್ಮದೇ ಉದಾಹರಣೆ ನೋಡಿ. ಯುದ್ಧ ಶುರುವಾದ ಮೇಲೆ ರಷ್ಯಾದಿಂದ ಎಣ್ಣೆ ಕೊಳ್ಳುವುದು ಒಮ್ಮೆಲೇ ಏರಿತು, ರೂಪಾಯಿಯಲ್ಲೇ ವ್ಯಾಪಾರ ಮಾಡೋಣ ಅಂತ ದೊಡ್ಡ ಸಡಗರ. ಆಗಿದ್ದೇನು? ನಾವು ಅವರಿಂದ ಕೊಂಡಷ್ಟು ಅವರು ನಮ್ಮಿಂದ ಕೊಳ್ಳಲಿಲ್ಲ. ಔಷಧಿ, ಚಹಾ, ಯಂತ್ರದ ಬಿಡಿಭಾಗ, ಎಷ್ಟು ಅಂತ ಕೊಂಡಾರು? 2023ರ ಮೇನಲ್ಲಿ ರಷ್ಯಾದ ವಿದೇಶಾಂಗ ಮಂತ್ರಿ ಲಾವ್ರೋವ್ ಗೋವಾಕ್ಕೆ ಬಂದವರು, ಭಾರತದ ಬ್ಯಾಂಕುಗಳಲ್ಲಿ ನಮ್ಮ ಕೋಟಿ ಕೋಟಿ ರೂಪಾಯಿ ಬಿದ್ದಿದೆ, ಬಳಸುವ ದಾರಿ ಕಾಣುತ್ತಿಲ್ಲ ಅನ್ನುವ ಅರ್ಥದಲ್ಲಿ ಬಹಿರಂಗವಾಗೇ ಹೇಳಿದರು. ಆಮೇಲೆ ಯುಎಇಯ ದಿರ್ಹಮ್, ಚೀನಾದ ಯುವಾನ್ ಅಂತ ಹುಡುಕಾಟ.

ಸರಿ, ಯುವಾನ್ ಆಗಬಹುದಲ್ಲ? ಚೀನಾ ದುಡ್ಡನ್ನು ಸಲೀಸಾಗಿ ಒಳಗೂ ಬಿಡುವುದಿಲ್ಲ, ಹೊರಗೂ ಬಿಡುವುದಿಲ್ಲ. ಮೇಲಾಗಿ ಅದು ಮಾರುವುದು ಜಾಸ್ತಿ, ಕೊಳ್ಳುವುದು ಕಡಿಮೆ. ಹಾಗಿದ್ದಾಗ ಬೇರೆಯವರ ಕೈಗೆ ಯುವಾನ್ ಸೇರುವುದು ಹೇಗೆ? ಅಮೆರಿಕ ದಶಕಗಳಿಂದ ಮಾರಿದ್ದಕ್ಕಿಂತ ಜಾಸ್ತಿ ಕೊಳ್ಳುತ್ತಾ ಬಂದಿದೆ. ಹಾಗೆ ಹೊರಗೆ ಹೋದ ಡಾಲರೇ ಬಾಂಡು ಕೊಳ್ಳಲು ವಾಪಸ್ ಬರುತ್ತದೆ. ಈಗ ಟ್ರಂಪ್‌ಗೆ ಆ ವ್ಯಾಪಾರ ಕೊರತೆಯೂ ಹೋಗಬೇಕು, ಡಾಲರ್ ಬಿಟ್ಟರೆ ಬ್ರಿಕ್ಸ್ ದೇಶಗಳಿಗೆ ಶೇ. 100 ಸುಂಕ ಅಂತ ಬೆದರಿಕೆಯೂ ಹಾಕಬೇಕು. ನಮ್ಮ ಡಾಲರೇ ಬಳಸಿ, ಆದರೆ ನಿಮ್ಮ ಸಾಮಾನು ಜಾಸ್ತಿ ಮಾರಬೇಡಿ ಅಂದರೆ ಡಾಲರ್ ಎಲ್ಲಿಂದ ಬರಬೇಕು ಸ್ವಾಮಿ?

ಹಾಗಾಗಿ ಚಿನ್ನ. ಅದಕ್ಕೆ ಬಡ್ಡಿ ಬರುವುದಿಲ್ಲ, ಅದರಲ್ಲಿ ಎಣ್ಣೆ ಬಿಲ್ ಕಟ್ಟುವುದೂ ಕಷ್ಟ. ನಮ್ಮದೇ ತಿಜೋರಿಯಲ್ಲಿದ್ದರೆ ಬೇರೆ ಯಾರೂ ಬೀಗ ಹಾಕಲಾಗದು ಅನ್ನುವ ಒಂದೇ ಕಾರಣ ಸಾಕಾಗಿದೆ.

ಕೋಲಾರದ ಕಡೆಯವ:
ಮಧ್ಯೆ ಬಾಯಿ ಹಾಕ್ತೀನಿ. ಚಿನ್ನ ಯಾವಾಗಲೂ ಏರುತ್ತದೆ ಅನ್ನುವವರು 1980 ನೋಡಬೇಕು. ಆ ಜನವರಿಯಲ್ಲಿ 850 ಡಾಲರ್ ಮುಟ್ಟಿತ್ತು. 1999ರಲ್ಲಿ 250ರ ಆಸುಪಾಸು. ಮತ್ತೆ 850 ಕಾಣಲು 2008 ಬರಬೇಕಾಯಿತು. ನಮ್ಮ ಕೆಜಿಎಫ್ ಗಣಿ ಮುಚ್ಚಿದ್ದು 2001ರಲ್ಲಿ, ಚಿನ್ನ 300ರ ಒಳಗಿದ್ದಾಗ. ಆಗ ಬ್ರಿಟನ್ ಸರ್ಕಾರವೂ ತನ್ನ ಚಿನ್ನದ ಅರ್ಧಕ್ಕಿಂತ ಹೆಚ್ಚನ್ನು ಮಾರುತ್ತಿತ್ತು. ಸೆಂಟ್ರಲ್ ಬ್ಯಾಂಕಿನವರಿಗೆ ಎಲ್ಲ ಗೊತ್ತಿರುತ್ತದೆ ಅನ್ನುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿ.

ಬಯಲುಸೀಮೆ:
1991ನ್ನೂ ಸೇರಿಸಿ. ವಿದೇಶಿ ವಿನಿಮಯ ತಳ ಕಂಡಾಗ ನಾವು 47 ಟನ್ ಚಿನ್ನವನ್ನು ವಿಮಾನದಲ್ಲಿ ಕಳಿಸಿ ಅಡವಿಟ್ಟೆವು. ಇತ್ತು, ಅದಕ್ಕೇ ಅಡವಿಡಲು ಆಯಿತು.

ತುಂಗೆಯ ದಡ:
ಎಲ್ಲರಿಗೂ ಥ್ಯಾಂಕ್ಸ್. ರೂಪಾಯಿ-ರೂಬಲ್ ವಿಷಯ ನನಗೆ ಇಷ್ಟು ಬಿಡಿಸಿ ಗೊತ್ತಿರಲಿಲ್ಲ. ಇನ್ನೊಂದು ಸಣ್ಣ ಪ್ರಶ್ನೆ, ತಂಗಿ ಮದುವೆಗೆ ಒಡವೆ ಈಗಲೇ ತೆಗೆಯಲಾ, ಇಳಿಯುತ್ತಾ ಅಂತ ಕಾಯಲಾ?

ಕೋಲಾರದ ಕಡೆಯವ:
ಮದುವೆ ಒಡವೆ ಖರ್ಚಿನ ಬಾಬ್ತು, ಅದಕ್ಕೆ ಟ್ರಂಪ್ ಮುಖ ನೋಡಬೇಡಿ. ಬೇಕಾದಷ್ಟನ್ನು ಎರಡು ಮೂರು ಕಂತಲ್ಲಿ ತೆಗೆಯಿರಿ, ಮೇಕಿಂಗ್ ಚಾರ್ಜ್ ಚೌಕಾಸಿ ಮಾಡಿ. ಅಂದಹಾಗೆ ಮದುವೆ ಯಾವಾಗ?