‘ಪಿಕಪ್ ಇಲ್ಲ’ ಅಂದರೆ ಏನಿಲ್ಲ? ಒಂದು ಪದ ಬೇಕಾಗಿದೆ

ಎಲ್ಲರಿಗೂ ನಮಸ್ಕಾರ.

ಆಕ್ಸಿಲರೇಟರ್ ಒತ್ತುತ್ತೇವೆ. ಎಂಜಿನ್ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಏಳುತ್ತದೆ. ಹೊಸ ಕಾರುಗಳಲ್ಲಿ ಜಾಸ್ತಿ ಕಾಣುವ ಈ ತಡಕ್ಕೆ ನಿಮ್ಮ ಕಡೆ ಏನಂತಾರೆ?

ಕಳೆದ ತಿಂಗಳು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತುತ್ತಿದ್ದೆ. ಒಂದು ಹೇರ್‌ಪಿನ್ ತಿರುವಿನಲ್ಲಿ ಗೇರ್ ಇಳಿಸಿ ಆಕ್ಸಿಲರೇಟರ್ ಒತ್ತಿದೆ. ಏನೂ ಆಗಲಿಲ್ಲ. ಇನ್ನಷ್ಟು ಒತ್ತಿದೆ. ಆಗ ಕಾರು ಒಮ್ಮೆಲೇ ಮುನ್ನುಗ್ಗಿತು. ಎದುರಿಗೆ ಮಿನಿ ಬಸ್ಸು ಇಳಿಯುತ್ತಿತ್ತು. ಪಕ್ಕದಲ್ಲಿದ್ದ ಅಮ್ಮ ಹೆದರಿ ಬಾಗಿಲು ಹಿಡಿದುಕೊಂಡರು.

ಸರ್ವಿಸ್‌ನಲ್ಲಿ ‘ಪಿಕಪ್ ಇಲ್ಲ’ ಅಂತ ಹೇಳಿದೆ. ಜಾಬ್ ಕಾರ್ಡಿನಲ್ಲೂ ಅದನ್ನೇ ಬರೆದುಕೊಂಡರು. ಏರ್ ಫಿಲ್ಟರ್ ಬದಲಿಸಿದರು. ಸಂಜೆ ‘ಓಡಿಸಿ ನೋಡಿದೆವು, ಪಿಕಪ್ ಚೆನ್ನಾಗೇ ಇದೆ’ ಅಂದರು. ಅವರ ಮಾತು ನಿಜವೇ. ಎಂಜಿನ್ ಎಳೆಯುತ್ತದೆ, ಆದರೆ ಕಾಲು ಕೇಳಿದ ಹೊತ್ತಿಗೆ ಎಳೆಯುವುದಿಲ್ಲ. ಅದನ್ನು ಹೇಳುವ ಪದ ನನ್ನ ಬಾಯಿಗೆ ಬರಲಿಲ್ಲ.

ಅಪ್ಪನ ಮಾರುತಿ 800ರಲ್ಲಿ ಈ ಪದದ ಅಗತ್ಯವೇ ಬೀಳಲಿಲ್ಲ. ಪೆಡಲಿನಿಂದ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿಗೆ ಒಂದು ಕೇಬಲ್ ಇತ್ತು. ಕಾಲು ಇಳಿದಂತೆ ಗಾಳಿಯ ಬಾಗಿಲು ತೆರೆಯುತ್ತಿತ್ತು. ಕೇಬಲ್ ಅಳ್ಳಕವಾದರೆ ಮೆಕ್ಯಾನಿಕ್ ‘ಪ್ಲೇ ಜಾಸ್ತಿ ಆಗಿದೆ’ ಅಂತ ನಟ್ ತಿರುಗಿಸಿ ಬಿಗಿ ಮಾಡುತ್ತಿದ್ದರು. ಈಗ ಆ ಕೇಬಲ್ಲೇ ಇಲ್ಲ. ಪೆಡಲಿನ ಸೆನ್ಸರ್ ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಸುದ್ದಿ ಕೊಡುತ್ತದೆ. ಇಸಿಯು ಲೆಕ್ಕ ಹಾಕುತ್ತದೆ. ಆಮೇಲೆ ಎಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿಯ ಪುಟ್ಟ ಮೋಟರ್ ಗಾಳಿಯ ತಟ್ಟೆಯನ್ನು ತಿರುಗಿಸುತ್ತದೆ. 1980ರ ದಶಕದ ಕೊನೆಗೆ ಬಿಎಂಡಬ್ಲ್ಯುವಿನ ದುಬಾರಿ 7 ಸೀರೀಸ್ ಕಾರಿನಲ್ಲಿದ್ದ ಏರ್ಪಾಡು ಈಗ ನಮ್ಮ ಚಿಕ್ಕ ಕಾರಿಗೂ ಬಂದಿದೆ. ಕ್ರೂಸ್ ಕಂಟ್ರೋಲಿಗೆ, ಚಕ್ರ ಜಾರಿದಾಗ ಎಂಜಿನ್ ತಗ್ಗಿಸುವುದಕ್ಕೆ ಇದು ಬೇಕು. ಒಪ್ಪುತ್ತೇನೆ. ಆದರೆ ತಂತಿಯಲ್ಲಿ ಸುದ್ದಿ ಹೋಗುವುದಕ್ಕೆ ಅಷ್ಟು ಹೊತ್ತು ಬೇಡ. ಕಾರು ಜರ್ಕ್ ಹೊಡೆಯಬಾರದು, ಹೊಗೆ ಮಿತಿಯಲ್ಲಿರಬೇಕು, ಪೆಟ್ರೋಲ್ ಉಳಿಯಬೇಕು ಅಂತ ಸಾಫ್ಟ್‌ವೇರಿನಲ್ಲೇ ತಟ್ಟೆಯನ್ನು ನಿಧಾನವಾಗಿ ತೆರೆಸುತ್ತಾರೆ. ಘಾಟಿಯಲ್ಲಿ ಅದು ಓಡಿಸುವವರ ಎದೆ ನಡುಗಿಸುತ್ತದೆ, ಅಲ್ವಾ?

ನಾವು ‘ಪಿಕಪ್’ ಅನ್ನುವ ಒಂದೇ ಪದದೊಳಗೆ ಬೇರೆ ಬೇರೆ ದೂರುಗಳನ್ನು ತುರುಕುತ್ತಿದ್ದೇವೆ. ಎಂಜಿನ್ನಿಗೆ ಬಲ ಕಡಿಮೆ ಇದ್ದರೆ ‘ಗಾಡಿ ಎಳೆಯಲ್ಲ’ ಅನ್ನುವ ಒಳ್ಳೆಯ ಮಾತು ಮೊದಲೇ ಇದೆ. ಟರ್ಬೊ ಕಾರಿನ ತಡ ಇನ್ನೊಂದು ಬಗೆ. ಅಲ್ಲಿ ಹೊಗೆಯ ಒತ್ತಡಕ್ಕೆ, ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಟರ್ಬೊ ಚಕ್ರ ವೇಗವಾಗಿ ತಿರುಗುವವರೆಗೆ ಕಾಯಬೇಕು. ನನ್ನದು ಟರ್ಬೊ ಇಲ್ಲದ ಪೆಟ್ರೋಲ್ ಕಾರು.

‘ವೇಗವರ್ಧಕದ ಪ್ರತಿಕ್ರಿಯಾ ವಿಳಂಬ’ ಅಂತ ಬರೆಯಬಹುದು. ಆದರೆ ಯಾವ ಮೆಕ್ಯಾನಿಕ್ಕಿಗೂ ನಾನು ಹಾಗೆ ಹೇಳಲಾರೆ. ಅದೂ ಅಲ್ಲದೆ ರಸಾಯನಶಾಸ್ತ್ರದಲ್ಲಿ ಕ್ಯಾಟಲಿಸ್ಟಿಗೂ ವೇಗವರ್ಧಕ ಅನ್ನುವುದುಂಟು. ಕಾರಿನ ಹೊಗೆ ಕೊಳವೆಯಲ್ಲಿ ಅದೂ ಇರುತ್ತದೆ. ಗೊಂದಲ ಆಗುತ್ತದೆ. ‘ತಡವರಿಕೆ’ ಅಂತ ಗೆಳೆಯರೊಬ್ಬರು ಸೂಚಿಸಿದರು. ನನಗೆ ಅದು ಮಿಸ್‌ಫೈರ್ ಆಗಿ ಎಂಜಿನ್ ತೊದಲಿದಂತೆ ಕೇಳುತ್ತದೆ. ನನ್ನ ಕಾರು ತೊದಲುವುದಿಲ್ಲ, ತಡವಾಗಿ ಏಳುತ್ತದೆ ಅಷ್ಟೆ.

ನನ್ನ ಮನಸ್ಸು ‘ಓಗೊಡು’ ಕಡೆ ವಾಲುತ್ತಿದೆ. ಕರೆದಾಗ ‘ಓ’ ಅನ್ನುವುದು. ‘ಒತ್ತಿದರೆ ಬೇಗ ಓಗೊಡುವುದಿಲ್ಲ’ ಅಂದರೆ ಕಾಲು ಕರೆದದ್ದು, ಎಂಜಿನ್ ತಡವಾಗಿ ಉತ್ತರಿಸಿದ್ದು ಎರಡೂ ಅದರಲ್ಲಿ ಬಂದವು. ಆದರೆ ಹೆಸರುಪದ ಮಾಡುವುದು ಹೇಗೆ? ‘ಓಗೊಡಿಕೆ’ ಕಿವಿಗೆ ಒಗ್ಗುತ್ತದೆಯೇ?

ಇದರ ತದ್ವಿರುದ್ಧದ ದೂರೂ ಒಂದಿದೆ. ಗೇರ್ ಬದಲಿಸಲು ಕಾಲು ತೆಗೆದರೂ ಆರ್‌ಪಿಎಂ ಮುಳ್ಳು ಕೂಡಲೇ ಇಳಿಯುವುದಿಲ್ಲ. ಇದೂ ಹೊಗೆ ಹದವಾಗಿರಲಿ ಅಂತ ತಟ್ಟೆಯನ್ನು ಮೆಲ್ಲಗೆ ಮುಚ್ಚುವುದರಿಂದ ಆಗುವಂಥದ್ದು. ಗ್ಯಾರೇಜಿನಲ್ಲಿ ‘ರೇಸ್ ಇಳೀತಿಲ್ಲ’ ಅಂತಾರೆ. ನನಗೆ ಈ ಮಾತು ಸಾಕು, ಹೊಸ ಪದ ಬೇಡ.

‘ರೇಸ್’ ಬಗ್ಗೆಯೂ ಒಂದು ಪ್ರಶ್ನೆ. ‘ರೇಸ್ ಕೊಡು’, ‘ರೇಸ್ ಮಾಡು’ ಎರಡನ್ನೂ ಕೇಳಿದ್ದೇನೆ. ಗಾಡಿ ನಿಂತಿರುವಾಗ ಎಂಜಿನ್ ಜೋರು ಮಾಡುವುದಕ್ಕೆ ಒಂದು, ಓಡುವಾಗ ಇನ್ನೊಂದು ಅನ್ನುವ ವ್ಯತ್ಯಾಸ ನಿಮ್ಮ ಊರಿನಲ್ಲಿ ಇದೆಯೇ? ಕಲಬುರಗಿ, ಹುಬ್ಬಳ್ಳಿ, ಚಾಮರಾಜನಗರದ ಕಡೆಯವರು ದಯವಿಟ್ಟು ತಿಳಿಸಿ. ಮನೆಯಲ್ಲಿ ಬಸ್ಸು, ಲಾರಿ, ಟ್ರ್ಯಾಕ್ಟರ್ ಓಡಿಸುವವರಿದ್ದರೆ ಅವರನ್ನೇ ಕೇಳಿ, ಅವರು ಹೇಳಿದ ಹಾಗೆಯೇ ಬರೆಯಿರಿ. ಬರುವ ವಾರ ಕಾರನ್ನು ಮತ್ತೆ ಸರ್ವಿಸ್‌ಗೆ ಬಿಡುತ್ತಿದ್ದೇನೆ. ಅಷ್ಟರೊಳಗೆ ಜಾಬ್ ಕಾರ್ಡಿನಲ್ಲಿ ಬರೆಸಲು ಸರಿಯಾದ ಮಾತು ಬೇಕು.