ಸುಪ್ರಭಾತದ ಹೊತ್ತಿಗೆ ಹಾರ್ಪ್

ಗುಂಪು: ಕೆಳಮನೆ ಬಳಗ
ಶನಿವಾರ ಬೆಳಗ್ಗೆ. ಟೊರಾಂಟೊದಲ್ಲಿ ಇನ್ನೂ ಶುಕ್ರವಾರ ರಾತ್ರಿ.

6:12 ಸುಮಾ: (ಯೂಟ್ಯೂಬ್ ಲಿಂಕ್) ಕೆನಡಾದ ಗಾಯಕಿ ಲೊರೀನಾ ಮೆಕೆನಿಟ್ ಆಲ್ಬಮ್, 'ದಿ ಬುಕ್ ಆಫ್ ಸೀಕ್ರೆಟ್ಸ್', 1997. ಮೂರು ದಿನದಿಂದ ಬೇರೆ ಏನನ್ನೂ ಕೇಳಿಲ್ಲ. ಎಲ್ಲರೂ ಒಮ್ಮೆ ಕೇಳಿ. ಮೊಬೈಲ್ ಸ್ಪೀಕರ್‌ನಲ್ಲಿ ಬೇಡ, ಇಯರ್‌ಫೋನ್ ಹಾಕಿಕೊಳ್ಳಿ.

6:15 ರಘು ಮಾವ: ಶುಭೋದಯ 🙏 ಇದೇನಮ್ಮ, ಬೆಳಗ್ಗೆ ಬೆಳಗ್ಗೆ? ಸುಪ್ರಭಾತ ಎಂದುಕೊಂಡು ಒತ್ತಿದೆ. ಯಾರೋ ಗುಹೆಯೊಳಗೆ ಕೂತು ಹಾಡಿದ ಹಾಗಿದೆ.

6:16 ಸುಮಾ: ಅದು ಮೊದಲನೆಯದು ಮಾವ, ಅದರಲ್ಲಿ ಮಾತೇ ಇಲ್ಲ. ಎರಡನೆಯದಕ್ಕೆ ಹೋಗಿ.

6:31 ಕಾರ್ತಿಕ್: ಸುಮಕ್ಕ, ಇದು ಗೊತ್ತು. ಎರಡನೆಯ ಹಾಡಿಗೆ ಯಾರೋ ಡ್ರಮ್ ಸೇರಿಸಿ ರೀಮಿಕ್ಸ್ ಮಾಡಿದರು. ಅದು 98ರಲ್ಲಿ ಅಮೆರಿಕದ ಟಾಪ್ 20ಕ್ಕೆ ಹೋಯಿತು. ಜನ ಕೇಳಿದ್ದು ಆ ಡ್ರಮ್ಮನ್ನು. ಅವಳು ನುಡಿಸುವ ಹಾರ್ಪ್ ಎಂಬ ತಂತಿವಾದ್ಯವನ್ನಲ್ಲ.

6:33 ಸುಮಾ: ಡ್ರಮ್ ಕೇಳಿ ಬಂದವರು ಆಲ್ಬಮ್ ಕೊಂಡು ಹಾರ್ಪ್ ಕೇಳಿದರು. ಅದರಲ್ಲಿ ತಪ್ಪೇನಿದೆ?

6:40 ಕಾರ್ತಿಕ್: ತಪ್ಪಿಲ್ಲ. ಆದರೆ ಐರ್ಲೆಂಡ್ ಕಡೆಯ ಹಳೆಯ ಕೆಲ್ಟ್ ಜನರ ಸಂಗೀತ, ಕೆಲ್ಟಿಕ್ ಕೆಲ್ಟಿಕ್ ಎಂದು ಎಲ್ಲರೂ ಕಣ್ಣು ಮುಚ್ಚುತ್ತಾರಲ್ಲ, ಅದು ನನಗೆ ತಡೆಯುವುದಿಲ್ಲ. ಎಂಟು ಟ್ರ್ಯಾಕ್ ಇವೆ, ಲೆಕ್ಕ ಹಾಕು. ಮಮ್ಮರ್ಸ್ ಕುಣಿತ ಇಂಗ್ಲೆಂಡಿನದು. ಹೈವೇಮ್ಯಾನ್ ಕವಿತೆ ಬರೆದ ಆಲ್ಫ್ರೆಡ್ ನಾಯ್ಸ್ ಇಂಗ್ಲೆಂಡಿನವನು. ಮಾರ್ಕೊ ಪೋಲೊ ವೆನಿಸ್‌ನವನು. ಇನ್ನೊಂದು ಟ್ರ್ಯಾಕ್ ವೆನಿಸ್ ಊರಿನ ಮೇಲೇ ಇದೆ. ಒಂದು ಕಾಕಸಸ್ ಪರ್ವತದ್ದು. ಕೊನೆಯದು ಇಟಲಿಯ ಕವಿ ದಾಂತೆ. ಐರ್ಲೆಂಡಿಗೆ ಸೇರಿದ್ದು ಸ್ಕೆಲಿಗ್ ದ್ವೀಪದ ಹಾಡು ಒಂದೇ. ಹಾಡುವವಳು ಕೆನಡಾದ ಮ್ಯಾನಿಟೋಬಾದಲ್ಲಿ ಹುಟ್ಟಿದವಳು. ಅಪ್ಪ ದನದ ವ್ಯಾಪಾರಿ. ರೆಕಾರ್ಡಿಂಗ್ ಇಂಗ್ಲೆಂಡಿನ ಗಾಯಕ ಪೀಟರ್ ಗೇಬ್ರಿಯಲ್ ಸ್ಟುಡಿಯೊದಲ್ಲಿ. ಕೆಲ್ಟಿಕ್ ಎಲ್ಲಿದೆ? ಇದು ಮಿಕ್ಸ್ ಮಸಾಲೆ.

6:41 ರಘು ಮಾವ: ದನದ ವ್ಯಾಪಾರದಲ್ಲಿ ಏನು ತಪ್ಪು?

6:41 ಕಾರ್ತಿಕ್: ತಪ್ಪು ಅಂತ ಅಲ್ಲ ಮಾವ 😄

6:58 ಸುಮಾ: ಪಟ್ಟಿ ಸರಿಯಾಗಿಯೇ ಇದೆ ಕಣೋ. ಆದರೆ ಅವಳು ಮುಚ್ಚಿಟ್ಟಿದ್ದರೆ ತಾನೇ ನೀನು ಹಿಡಿಯಬೇಕು? 1991ರಲ್ಲಿ ವೆನಿಸ್‌ನಲ್ಲಿ ಕೆಲ್ಟರ ಬಗ್ಗೆ ದೊಡ್ಡ ಪ್ರದರ್ಶನ ಒಂದು ನಡೆಯಿತು. ಅಲ್ಲಿಗೆ ಹೋಗುವವರೆಗೆ ಅವಳೂ ನಮ್ಮ ಹಾಗೆ, ಕೆಲ್ಟರೆಂದರೆ ಐರ್ಲೆಂಡ್, ಸ್ಕಾಟ್ಲೆಂಡ್ ಎಂದುಕೊಂಡಿದ್ದಳು. ಹೋಗಿ ನೋಡಿದರೆ ಅವರ ಕತ್ತಿ, ಕೊರಳ ಕಡಗ ಎಲ್ಲ ಯುರೋಪಿನ ಮೂಲೆ ಮೂಲೆಯಿಂದ ಬಂದಿವೆ. ಟರ್ಕಿಯವರೆಗೂ ಹೋಗಿದ್ದ ಜನ ಅವರು. ಅಂಕಾರಾ ಸುತ್ತಿನ ಸೀಮೆಗೆ ಗಲೇಶಿಯಾ ಎಂಬ ಹೆಸರು ಬಂದದ್ದೇ ಅವರಿಂದ. ಅವರು ನಡೆದ ದಾರಿಯಲ್ಲಿ ನಾನೂ ನಡೆಯುತ್ತೇನೆ ಎಂದು ಹೊರಟಳು. ದಾರಿಯಲ್ಲಿ ಸಿಕ್ಕಿದ್ದನ್ನು ಹಾಡಿದಳು. ಅದಕ್ಕೇ ಮಾರ್ಕೊ ಪೋಲೊದಲ್ಲಿ ಸೂಫಿ ಧಾಟಿ ಇದೆ.

7:02 ಕಾರ್ತಿಕ್: ಹಾಗಾದರೆ ಪ್ರವಾಸ ಕಥನ ಎಂದು ಕರೆಯಲಿ. ಅಂಗಡಿಯಲ್ಲಿ ಕೆಲ್ಟಿಕ್ ಎಂಬ ಡಬ್ಬಿಯಲ್ಲಿ ಇಟ್ಟು ಮಾರುವುದು ಯಾಕೆ?

7:03 ಸುಮಾ: ಡಬ್ಬಿಗೆ ಚೀಟಿ ಅಂಟಿಸಿದವನು ಅಂಗಡಿಯವನು. ಅವಳನ್ನು ಯಾಕೆ ಬೈಯುತ್ತೀಯ?

7:20 ವಿಜಯ ಅತ್ತೆ: ಮಮ್ಮರ್ಸ್ ಅಂದರೆ ಏನು?

7:24 ಸುಮಾ: ಇಂಗ್ಲೆಂಡಿನ ಹಳ್ಳಿಗಳಲ್ಲಿ ಚಿಂದಿ ಬಟ್ಟೆ ಕಟ್ಟಿಕೊಂಡು, ಮುಖ ಮರೆಮಾಡಿಕೊಂಡು ಮನೆ ಮನೆಗೆ ಹೋಗಿ ಆಡುವವರು ಅತ್ತೆ. ಈ ಹಾಡಿನಲ್ಲಿ ವಸಂತ ಕಾಲ. ಹೂವಿನ ಹಾರ ತಂದು ಬಾಗಿಲಲ್ಲಿ ನಿಲ್ಲುತ್ತಾರೆ.

7:26 ವಿಜಯ ಅತ್ತೆ: ನಮ್ಮ ಅಂಟಿಗೆ ಪಂಟಿಗೆ ಹಾಗೆ ಅನ್ನು.

7:28 ರಘು ಮಾವ: ಅಲ್ಲ ಕಣೆ. ಅಂಟಿಗೆ ಪಂಟಿಗೆ ದೀಪಾವಳಿಗೆ. ದೀಪ ಹಿಡಿದು ಬರುತ್ತಾರೆ, ವೇಷ ಇಲ್ಲ. ಇದು ಹಾಲಕ್ಕಿಗಳ ಸುಗ್ಗಿ ಕುಣಿತದ ಹಾಗೆ. ಅದು ಹೋಳಿ ಹೊತ್ತಿಗೆ, ತುರಾಯಿ ಕಟ್ಟಿಕೊಂಡು ಮನೆ ಮುಂದೆ ಕುಣಿಯುತ್ತಾರೆ. ಅಂಕೋಲಾ ಬ್ರಾಂಚಿನಲ್ಲಿದ್ದಾಗ ಪ್ರತಿ ವರ್ಷ ನೋಡಿದ್ದೇನೆ.

7:29 ವಿಜಯ ಅತ್ತೆ: ನಾನೂ ಅಲ್ಲೇ ಇದ್ದೆ. ಅಕ್ಕಿ, ತೆಂಗಿನಕಾಯಿ ಕೊಟ್ಟವಳು ನಾನು. ನೀವು ಒಳಗೆ ಪೇಪರ್ ಓದುತ್ತಿದ್ದಿರಿ.

7:30 ಕಾರ್ತಿಕ್: 😂😂

8:45 ಶಾರದಾ ಚಿಕ್ಕಮ್ಮ: ಪಾಠ ಮುಗಿಸಿ ಈಗ ನೋಡಿದೆ. ಸುಮಾ, ನಾಲ್ಕು ಹಾಡು ಕೇಳಿದೆ. ಶ್ರುತಿ ಹಿಡಿದ ಹಾಗೆ ಗುಂಯ್ ಎನ್ನುವ ವಾದ್ಯ ಯಾವುದದು? ತಂಬೂರಿ ಅಲ್ಲ, ಪಿಟೀಲೂ ಅಲ್ಲ.

8:49 ಸುಮಾ: ಹರ್ಡಿ ಗರ್ಡಿ ಇರಬೇಕು ಚಿಕ್ಕಮ್ಮ. ತೊಡೆಯ ಮೇಲೆ ಇಟ್ಟುಕೊಂಡು ಒಂದು ಕೈಯಲ್ಲಿ ಹಿಡಿ ತಿರುಗಿಸುತ್ತಾರೆ. ಒಳಗಿನ ಮರದ ಚಕ್ರ ತಂತಿಗೆ ಉಜ್ಜುತ್ತದೆ, ಅದೇ ಕಮಾನು. ಇನ್ನೊಂದು ಕೈಯಲ್ಲಿ ಹಾರ್ಮೋನಿಯಂ ಥರ ಮನೆ ಒತ್ತಿದರೆ ಸ್ವರ. ಪಕ್ಕದ ತಂತಿಗಳು ಬದಲಾಗುವುದೇ ಇಲ್ಲ, ಶ್ರುತಿ ಕೊಡುತ್ತಲೇ ಇರುತ್ತವೆ.

8:50 ಶಾರದಾ ಚಿಕ್ಕಮ್ಮ: ಅದಕ್ಕೇ ಕಿವಿ ಅಲ್ಲಿ ನಿಂತಿದ್ದು.

8:56 ಶಾರದಾ ಚಿಕ್ಕಮ್ಮ: ಆದರೆ ಕಾರ್ತಿಕ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ನನ್ನ ತಕರಾರು ಊರಿನದಲ್ಲ, ದನಿಯದು. ಇಷ್ಟು ಚೆಂದದ ಕಂಠ ಇದ್ದವರಿಗೆ ಇಷ್ಟೊಂದು ಪ್ರತಿಧ್ವನಿ ಯಾಕೆ? ಒಂದು ಸ್ವರ ಮುಗಿಯುವ ಮೊದಲೇ ಅದರ ನೆರಳು ಬಂದು ಇನ್ನೊಂದರ ಮೇಲೆ ಬೀಳುತ್ತದೆ. ಪಾಯಸಕ್ಕೆ ಏಲಕ್ಕಿ ಜಾಸ್ತಿ ಆದ ಹಾಗೆ. ಇವರು ಸುಮ್ನೆ ಕೂತು ಹಾಡಿದ್ದು ಏನಾದರೂ ಇದೆಯಾ?

9:03 ಸುಮಾ: ಇದೆ. (ಲಿಂಕ್) 1985ರ ಮೊದಲ ಕ್ಯಾಸೆಟ್, 'ಎಲಿಮೆಂಟಲ್'. ಮನೆಯವರಿಂದ ಸಾಲ ತೆಗೆದು, ಒಂದೇ ವಾರದಲ್ಲಿ ಮಾಡಿದ್ದು. ಒಂಟಾರಿಯೊದ ಎಲೋರಾ ಹತ್ತಿರ ಒಂದು ಕೊಟ್ಟಿಗೆಯಲ್ಲಿ ರೆಕಾರ್ಡಿಂಗ್. ಕಂಪನಿಯೂ ಅವಳದೇ, ಕ್ವಿನ್ಲನ್ ರೋಡ್ ಎಂದು. ಹಾರ್ಪ್ ಹೊತ್ತು ಬೀದಿಯಲ್ಲಿ ಕೂತು ನುಡಿಸುತ್ತಾ ಕ್ಯಾಸೆಟ್ ಮಾರುತ್ತಿದ್ದಳು. ಎಲ್ಲಿ ಗೊತ್ತಾ? ಟೊರಾಂಟೊದ ಸೇಂಟ್ ಲಾರೆನ್ಸ್ ಮಾರ್ಕೆಟ್ಟಿನಲ್ಲಿ. ನಾನು ಶನಿವಾರ ಶನಿವಾರ ತರಕಾರಿ ತರುವ ಜಾಗ! ನಾಳೆ ಬೆಳಗ್ಗೆಯೂ ಹೋಗಬೇಕು. ಸೊಪ್ಪಿನ ಚೀಲ ಹಿಡಿದು ಬಾಗಿಲ ಹತ್ತಿರ ನಿಂತು, ಇಲ್ಲೇ ಎಲ್ಲೋ ಕೂತಿರಬೇಕು ಎಂದು ನೋಡುವುದು ಈಗ ಅಭ್ಯಾಸವಾಗಿದೆ. ಆ ಗದ್ದಲದಲ್ಲಿ ಜನರನ್ನು ನಿಲ್ಲಿಸಬೇಕೆಂದರೆ ಪ್ರತಿಧ್ವನಿ ಎಲ್ಲಿಂದ ಬರಬೇಕು, ಬರೀ ಕಂಠವೇ.

9:05 ಕಾರ್ತಿಕ್: ಕೊಟ್ಟಿಗೆ, ಬೀದಿ ಎಲ್ಲ ಸರಿ. ಇದು ಅಭಿಮಾನಿಯ ಭಾಷಣ.

9:06 ಸುಮಾ: ಅಭಿಮಾನಿಯೇ. ಏನೀಗ?

9:30 ಶಾರದಾ ಚಿಕ್ಕಮ್ಮ: ಈ ಕ್ಯಾಸೆಟ್ಟಿನದು ಕೇಳಿದೆ. ಇದು ನನಗೆ ಹೆಚ್ಚು ಇಷ್ಟವಾಯಿತು. ದನಿ ಒಂದೇ ನಿಂತಿದೆ, ಉಸಿರು ತೆಗೆಯುವುದೂ ಕೇಳುತ್ತದೆ. ನಿನ್ನ 97ರದ್ದು ಮದುವೆ ಮನೆಯ ಅಲಂಕಾರ. ಬೇಜಾರು ಮಾಡಿಕೊಳ್ಳಬೇಡ.

9:34 ಸುಮಾ: ಬೇಜಾರಿಲ್ಲ. ಒಪ್ಪುವುದೂ ಇಲ್ಲ. ಕೊನೆಯ ಹಾಡು ಕೇಳಿದ್ದೀರಾ? ಸೈಬೀರಿಯಾ ದಾಟುವ ರೈಲಿನಲ್ಲಿ ಚಳಿಗಾಲದಲ್ಲಿ ಒಬ್ಬಳೇ ಹೋಗುವಾಗ ದಾಂತೆ ಓದುತ್ತಿದ್ದಳು, ಆಗ ಹುಟ್ಟಿದ ಹಾಡು. ಅದರ ಶುರುವಿನಲ್ಲಿ ಸೇಂಟ್ ಪೀಟರ್ಸ್‌ಬರ್ಗಿನ ಗಾಯಕ ವೃಂದ ದೂರದಿಂದ ಕೇಳುತ್ತದೆ. ಆ ದೂರ ಬೇಕೆಂದರೆ ಪ್ರತಿಧ್ವನಿ ಬೇಕೇ ಬೇಕು ಚಿಕ್ಕಮ್ಮ. ಮರುವರ್ಷ, 98ರಲ್ಲಿ, ಅವಳನ್ನು ಮದುವೆಯಾಗಬೇಕಿದ್ದವನು ದೋಣಿ ದುರಂತದಲ್ಲಿ ತೀರಿಕೊಂಡ. ಅವನ ಸೋದರ, ಇನ್ನೊಬ್ಬ ಗೆಳೆಯ ಕೂಡ. ನೀರಿನಲ್ಲಿ ಸುರಕ್ಷತೆಗೆಂದು ನಿಧಿ ಮಾಡಿದಳು. ಆಮೇಲೆ ಹೊಸ ಸ್ಟುಡಿಯೊ ಆಲ್ಬಮ್ ಬಂದದ್ದು 2006ಕ್ಕೆ.

9:36 ಕಾರ್ತಿಕ್: ಅದು ಗೊತ್ತಿರಲಿಲ್ಲ.

9:37 ಕಾರ್ತಿಕ್: ಆದರೂ ಅದು ಆಮೇಲೆ ನಡೆದದ್ದು. ಆ ದುಃಖವನ್ನು ತಂದು ಹಿಂದಿನ ಹಾಡಿಗೆ ಹಚ್ಚಬಾರದು.

9:40 ಸುಮಾ: ಅದು ಸರಿ. ನಾನೂ ಹಚ್ಚಿಕೊಂಡೇ ಕೇಳುತ್ತಿದ್ದೆ, ಈಗ ನೋಡಿದರೆ.

9:48 ಶಾರದಾ ಚಿಕ್ಕಮ್ಮ: ಒಂದು ಮಾತ್ರ ಮೆಚ್ಚಬೇಕು. ಬೇರೆಯವರ ಕವಿತೆ ತೆಗೆದುಕೊಂಡು, ಹತ್ತು ನಿಮಿಷ, ಕಥೆ ಬಿಡದೆ ಹಾಡಿದ್ದಾರೆ. ನಮ್ಮಲ್ಲಿ ಅನಂತಸ್ವಾಮಿ, ಅಶ್ವತ್ಥ್ ಕವಿತೆಗಳನ್ನು ಜನರ ಬಾಯಿಗೆ ತಂದರಲ್ಲ, ಅದೇ ಕೆಲಸ. ಆದರೆ ನಾವು ಎರಡು ಮೂರು ನುಡಿಗೇ ಮುಗಿಸುತ್ತೇವೆ.

9:50 ವಿಜಯ ಅತ್ತೆ: ಯಾವ ಕಥೆ? ನನಗೂ ಹೇಳಿ. ಇಂಗ್ಲಿಷ್ ಅಷ್ಟು ಬೇಗ ಹಿಡಿಯುವುದಿಲ್ಲ.

9:57 ಸುಮಾ: ಹೈವೇಮ್ಯಾನ್ ಅಂದರೆ ಕುದುರೆ ಮೇಲೆ ಬಂದು ದಾರಿ ಕಾದು ದೋಚುವವನು ಅತ್ತೆ. ಅವನಿಗೆ ಒಂದು ಛತ್ರದ ಯಜಮಾನನ ಮಗಳು ಬೆಸ್ ಮೇಲೆ ಪ್ರೀತಿ. ಬೆಳದಿಂಗಳಲ್ಲಿ ಬರುತ್ತೇನೆ ಎಂದು ಹೇಳಿ ಹೋಗುತ್ತಾನೆ. ರಾಜನ ಸೈನಿಕರು ಬಂದು ಅವಳನ್ನು ಮಂಚಕ್ಕೆ ಕಟ್ಟಿಹಾಕುತ್ತಾರೆ. ಬಂದೂಕಿನ ಬಾಯಿ ಅವಳ ಎದೆಗೇ ತಾಗುವಂತೆ ಇಟ್ಟು, ಅವನಿಗಾಗಿ ಕಾಯುತ್ತಾರೆ. ಅವಳು ಕಷ್ಟಪಟ್ಟು ಬೆರಳನ್ನು ಕುದುರೆಯವರೆಗೆ, ಅಂದರೆ ಬಂದೂಕಿನ ಕುದುರೆ, ತರುತ್ತಾಳೆ. ದೂರದಲ್ಲಿ ಕೇಳಿದ ಗೊರಸಿನ ಸದ್ದು ಹತ್ತಿರ ಬಂದಾಗ ಒತ್ತುತ್ತಾಳೆ. ಆ ಸದ್ದಿಗೆ ಅವನು ತಿರುಗಿ ಓಡುತ್ತಾನೆ. ಅವಳು ಸತ್ತದ್ದು ಬೆಳಗಿನವರೆಗೂ ಅವನಿಗೆ ಗೊತ್ತಿಲ್ಲ. ಗೊತ್ತಾದ ಮೇಲೆ ಹುಚ್ಚನ ಹಾಗೆ ವಾಪಸ್ ಬರುತ್ತಾನೆ. ಹೆದ್ದಾರಿಯಲ್ಲೇ ಗುಂಡು ಹೊಡೆಯುತ್ತಾರೆ.

10:20 ವಿಜಯ ಅತ್ತೆ: ದೋಸೆ ಒಲೆ ಮೇಲಿಟ್ಟು ಇದನ್ನು ಓದಿದೆ. ಸೀದು ಹೋಯಿತು.

10:21 ರಘು ಮಾವ: ಅದನ್ನು ತಿಂದವನು ನಾನು. ನಾಳೆಯಿಂದ ಎಂಟು ಗಂಟೆಯವರೆಗೆ ದೇವರ ಹಾಡು ಮಾತ್ರ. ಬೇರೆ ಏನಿದ್ದರೂ ಆಮೇಲೆ 🙏

10:24 ವಿಜಯ ಅತ್ತೆ: ಸುಮಾ, ಅವನು ತಪ್ಪಿಸಿಕೊಂಡು ಹೋಗಿದ್ದನಲ್ಲ. ಮತ್ತೆ ಯಾಕೆ ಬಂದ? ಆ ಹುಡುಗಿ ಸತ್ತದ್ದು ದಂಡ ಆಯಿತಲ್ಲ.

10:25 ಕಾರ್ತಿಕ್: ಬರಲೇಬೇಕು ಅತ್ತೆ. ಬರದಿದ್ದರೆ ಕವಿತೆ ಮುಗಿಯುವುದಿಲ್ಲ.

10:26 ವಿಜಯ ಅತ್ತೆ: ಮುಗಿಯದಿದ್ದರೆ ಬೇಡ.