ಅಪಘಾತ ಪರೀಕ್ಷೆಯ ಗೊಂಬೆ ಮನುಷ್ಯನಿಗೆ ಎಷ್ಟು ಹತ್ತಿರ?

ಪ್ರಶ್ನೆ: ಕಾರು ಕೊಳ್ಳುವ ಮುನ್ನ, ಕಾರುಗಳನ್ನು ಗುದ್ದಿಸಿ ಸುರಕ್ಷತೆ ಅಳೆಯುವ ಭಾರತ್ ಎನ್‌ಕ್ಯಾಪ್‌ನ ವರದಿ ಓದಿದೆ. ಗಂಟೆಗೆ 64 ಕಿ.ಮೀ. ವೇಗದಲ್ಲಿ ಗುದ್ದಿದರೂ ಚಾಲಕನ ಎದೆಗೆ ಒಳ್ಳೆಯ ರಕ್ಷಣೆ ಇದೆಯಂತೆ. ಆದರೆ ಅಲ್ಲಿ ಕುಳಿತದ್ದು ಉಕ್ಕು, ರಬ್ಬರಿನ ಗೊಂಬೆ. ಅದರ ಎದೆ ನಮ್ಮ ಎದೆಯಂತೆಯೇ ಕುಗ್ಗುತ್ತದೆ ಎಂದು ಯಾರಾದರೂ ಅಳೆದಿದ್ದಾರೆಯೇ ಸರ್?

ಉತ್ತರ (ಪರೀಕ್ಷಾ ಎಂಜಿನಿಯರ್): ಅಳೆದಿದ್ದಾರೆ. ಅದಕ್ಕೆ ನಾವು ದೇಹದಾನ ಮಾಡಿದವರಿಗೆ ಋಣಿಗಳು. 1970ರ ದಶಕದ ಆರಂಭದಲ್ಲಿ ಅಮೆರಿಕದಲ್ಲಿ ಸಂಶೋಧಕ ಕ್ರೋಲ್ ಮತ್ತು ಸಂಗಡಿಗರು ಮೃತದೇಹಗಳ ಎದೆಗೆ ಸುಮಾರು 15 ಸೆಂ.ಮೀ. ಅಗಲದ ಚಪ್ಪಟೆ ಮುಖದ ಭಾರವನ್ನು ಗುದ್ದಿಸಿ, ಎಷ್ಟು ಬಲಕ್ಕೆ ಎದೆ ಎಷ್ಟು ಒಳಸರಿಯಿತು ಎಂದು ದಾಖಲಿಸಿದರು. ಪ್ರತಿ ಏಟಿನ ಆ ಲೆಕ್ಕವನ್ನು ಒಂದೊಂದು ಗೆರೆಯಾಗಿ ಒಂದೇ ಹಾಳೆಯಲ್ಲಿ ಎಳೆದಾಗ ಒಂದು ಪಟ್ಟಿ ಮೂಡುತ್ತದೆ; ಅದಕ್ಕೆ ಕಾರಿಡಾರ್ ಎನ್ನುತ್ತೇವೆ. ಜೀವಂತ ಸ್ನಾಯುವಿನ ಬಿಗಿತ ಶವದಲ್ಲಿ ಇರುವುದಿಲ್ಲ, ಹಾಗಾಗಿ ಬಲದ ಅಂಕಿಯನ್ನು ತುಸು ಏರಿಸಿದರು. ಗೊಂಬೆಗೂ ಅದೇ ಏಟು ಕೊಟ್ಟಾಗ ಅದರ ಗೆರೆ ಈ ಪಟ್ಟಿಯೊಳಗೆ ಸಾಗಬೇಕು.

ಮುಂಭಾಗದಿಂದ ಆಗುವ ಡಿಕ್ಕಿಗೆ ಬಳಸುವ ಹೈಬ್ರಿಡ್ 3 ಗೊಂಬೆಯ ಎದೆಗೆ ಇಂದಿಗೂ 23.4 ಕಿಲೋ ತೂಕದ ಲೋಲಕವನ್ನು ಸೆಕೆಂಡಿಗೆ 6.7 ಮೀಟರ್ ವೇಗದಲ್ಲಿ ಬಡಿಸುತ್ತೇವೆ. ಪಕ್ಕೆಲುಬು 63.5ರಿಂದ 72.6 ಮಿ.ಮೀ. ಒಳಸರಿಯಬೇಕು. ಅದರಾಚೆ ಈಚೆ ಆದರೆ ಆ ಗೊಂಬೆಯನ್ನು ಕಾರಿನಲ್ಲಿ ಕೂರಿಸುವುದಿಲ್ಲ.

ಪ್ರಶ್ನೆ: ಹಾಗಾದರೆ ಹಿಂದಿನಿಂದ ಗುದ್ದಿದರೂ ಅದೇ ಗೊಂಬೆ ಸಾಕೇ?

ಉತ್ತರ: ಸಾಲದು. ಅದರ ಎದೆಭಾಗದ ಬೆನ್ನೆಲುಬು ಗಟ್ಟಿ ಉಕ್ಕಿನದು. ನಮ್ಮ ಬೆನ್ನಿನಂತೆ ಸೀಟಿಗೆ ಒರಗಿ ನೇರವಾಗುವುದಿಲ್ಲ. ಹಿಂಬದಿಯ ಡಿಕ್ಕಿಗೆಂದೇ ಸ್ವೀಡನ್ನಿನಲ್ಲಿ 24 ಕಶೇರುಗಳ (ಬೆನ್ನೆಲುಬಿನ ಬಿಡಿ ಮೂಳೆಗಳ) ಬಯೋರಿಡ್ ಎಂಬ ಗೊಂಬೆ ರೂಪುಗೊಂಡಿತು. ಪಕ್ಕದ ಡಿಕ್ಕಿಯ ಗೊಂಬೆಗಳು ಮನುಷ್ಯನಿಗೆ ಎಷ್ಟು ಹತ್ತಿರ ಎಂದು ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆ ಐಎಸ್‌ಒ ಹತ್ತಕ್ಕೆ ಅಂಕ ಕೊಡುತ್ತದೆ: 6.5 ದಾಟಿದರೆ ಉತ್ತಮ, 8.6 ದಾಟಿದರೆ ಅತ್ಯುತ್ತಮ. ಯಾವ ದಿಕ್ಕಿನ ಏಟು ಎಂದು ಹೇಳದೆ ‘ಈ ಗೊಂಬೆ ಮನುಷ್ಯನಂತೆ’ ಎಂದರೆ ನಾನು ಒಪ್ಪುವುದಿಲ್ಲ.

ಪ್ರಶ್ನೆ: ನನ್ನ ಎತ್ತರ ಐದಡಿ. ನನ್ನಂಥವರ ಲೆಕ್ಕ?

ಉತ್ತರ: ಸುಮಾರು 49 ಕಿಲೋ ತೂಕದ ಮಹಿಳಾ ಗೊಂಬೆ ಇದೆ ಮೇಡಂ. ಆದರೆ ಅದು ಬಹುಪಾಲು ಗಂಡಿನ ಗೊಂಬೆಯನ್ನೇ ಕುಗ್ಗಿಸಿ ಮಾಡಿದ್ದು. ಇದು ನನಗೆ ನೋವಿನ ಸಂಗತಿ. ಈಗ ಥಾರ್ ಎಂಬ ಗೊಂಬೆಗಳ ಸರಣಿಯ (ಅದೇ ಹೆಸರಿನ ಕಾರಲ್ಲ) ಸಣ್ಣ ಗೊಂಬೆಯನ್ನು ಹೆಣ್ಣಿನ ದೇಹದ ಅಳತೆಗಳನ್ನು ಇಟ್ಟುಕೊಂಡೇ ರೂಪಿಸಿದ್ದಾರೆ.